ಒಂದು ಕತೆ ಮುಗಿಯುವ ಮೊದಲೇ ಇನ್ನೊಂದು ಹೊಳೆಯುತ್ತದೆ, ಏನು ಮಾಡಲಿ?

ಶಿರಸಿ ಓದುಗ: ಮೂರು ಪುಟ ಆಗುವಷ್ಟರಲ್ಲಿ ಹೊಸ ಕತೆ ಎಳೆಯುತ್ತದೆ. ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಮಳೆಗಾಲ ಬೇರೆ, ಕರೆಂಟ್ ನಂಬುವ ಹಾಗಿಲ್ಲ. ಕೂತು ಮುಗಿಸುವ ದಾರಿ ಹೇಳಿ.

ಕಾಳಿ ದಂಡೆ, ಕಾರವಾರ: ಹೊಳೆದದ್ದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆದು ಮುಚ್ಚಿಡಿ: ಯಾರಿಗೆ ಏನು ಬೇಕು, ಅಡ್ಡ ಬರುವುದೇನು. ‘ಸಾಣಿಕಟ್ಟಾ ಉಪ್ಪಿನ ಆಗರ’ ಎಂದಷ್ಟೇ ಗೀಚಿದರೆ ತಿಂಗಳ ಮೇಲೆ ಏನೂ ನೆನಪಾಗದು. ‘ಆಗರ ಬಿಡಲೊಲ್ಲದ ಅಪ್ಪ, ಗೋವಾಕ್ಕೆ ಹೊರಟ ಮಗ’ ಎಂದರೆ ಕತೆ ಕೈಯಲ್ಲಿರುತ್ತದೆ. ಹೊಸದು ಚಂದ ಕಾಣುವುದು ಅದರ ತೊಡಕು ಇನ್ನೂ ಶುರುವಾಗದ ಕಾರಣಕ್ಕೆ, ಅಷ್ಟೇ. ಹಳೆಯದರ ಕೊನೆಯ ದೃಶ್ಯವನ್ನು ಒರಟಾಗಿಯಾದರೂ ಈಗಲೇ ಬರೆದಿಡಿ. ನಡುವಿನ ದಾರಿ ಆಮೇಲೆ ಸಿಗುತ್ತದೆ.

ಕುಮಟಾದವ: 25 ನಿಮಿಷ ಬರಹ, 5 ನಿಮಿಷ ಬಿಡುವಿನ ಪೊಮೊಡೊರೊ ಕ್ರಮ ತಿದ್ದುಪಡಿಗೆ ಸರಿ. ಹೊಸ ಬರಹಕ್ಕೆ ಸಾಲದು, ಕೈ ಓಡತೊಡಗಿದಾಗಲೇ ಗಂಟೆ ಬಾರಿಸುತ್ತದೆ. 45 ನಿಮಿಷ ಇಡಿ, ಫೋನ್ ಇನ್ನೊಂದು ಕೋಣೆಯಲ್ಲಿ. ಏಳುವಾಗ ಮುಂದಿನ ವಾಕ್ಯ ಗೊತ್ತಿದ್ದೇ ಏಳಿ.

ಘಟ್ಟದ ಕೆಳಗೆ: ಕರೆಂಟಿಗೆ ಕಾಯಬೇಡಿ ಮಾರಾಯ್ರೆ, ಕಾಗದದಲ್ಲೇ ಬರೆಯಿರಿ. ಬಾಲ್‌ಪೆನ್ ಇರಲಿ, ಥಂಡಿ ಹಿಡಿದ ಹಾಳೆಯಲ್ಲಿ ಶಾಯಿ ಹರಡುತ್ತದೆ. ಒಂದು ಸಾಲು ಬಿಟ್ಟು ಬರೆದರೆ ತಿದ್ದಲಿಕ್ಕೆ ಜಾಗ.