ಪ್ರೊಜೆಕ್ಟರ್‌ನಲ್ಲಿ ಬಿಳಿ ಹಳದಿಯಾಗ್ತದೆ, ನುಡಿ ಅಕ್ಷರ ಚೆಲ್ಲಾಪಿಲ್ಲಿ, ಧ್ವನಿ ಇಲ್ಲ: ಸೋಮವಾರದೊಳಗೆ ಸರಿಯಾಗಬೇಕು

ಕುಮಟಾ_ಸಮಾಜ · ಶುಕ್ರವಾರ ಸಂಜೆ 5:40

ಒಂಬತ್ತನೇ ತರಗತಿಗೆ 1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹದ ಪಾಠ, 24 ಸ್ಲೈಡ್. ಮನೆಯ ಕಂಪ್ಯೂಟರ್‌ನಲ್ಲಿ ಎಲ್ಲ ಸರಿ ಇದೆ, ಶಾಲೆಯ ಗೋಡೆಯ ಮೇಲೆ ಒಂದೂ ಸರಿ ಇಲ್ಲ.

ಸಾಮಾನು: ಶಾಲೆಯ ವಿಂಡೋಸ್ 10 ಲ್ಯಾಪ್‌ಟಾಪ್, ಅದಕ್ಕೆ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡೂ ಹೋಗುವ ಹೊಸ ಬಗೆಯ ತೂತು) ಮಾತ್ರ ಉಂಟು. ಛಾವಣಿಗೆ ತೂಗುಹಾಕಿದ ಹಳೆಯ ಬಲ್ಬಿನ ಪ್ರೊಜೆಕ್ಟರ್, 1024×768. ನಡುವೆ ಗೋಡೆಯೊಳಗಿಂದ ಹೋದ 15 ಮೀಟರ್ ವಿಜಿಎ ಕೇಬಲ್ಲು (ಚಿತ್ರ ಒಯ್ಯುವ ಹಳೆಯ ಬಗೆಯದು), ಈ ತುದಿಗೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್. ಮೇಜಿನ ಮೇಲೆ ಎರಡು ಸಣ್ಣ ಸ್ಪೀಕರ್.

ತೊಂದರೆ ನಾಲ್ಕು. ಒಂದು, ಬಿಳಿ ಹಿನ್ನೆಲೆ ನಿಂಬೆಹಣ್ಣಿನ ಹಳದಿ, ನಕ್ಷೆಯಲ್ಲಿ ಅರಬ್ಬಿ ಸಮುದ್ರ ಕಪ್ಪು. ಲ್ಯಾಪ್‌ಟಾಪ್ ಪರದೆಯಲ್ಲಿ ಬಣ್ಣ ಸರಿಯಿದೆ. ಎರಡು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ ಎ. ಮೂರು, ಧ್ವನಿ ಇಲ್ಲ. ನಾಲ್ಕು, ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಫೋನಿನಿಂದ ತೆಗೆದ ಎರಡು ವಿಡಿಯೊದಲ್ಲಿ ಒಂದು ಬರೀ ಕಪ್ಪು.

ಬಲ್ಬು ಮುಗಿದಿದೆ, ಹೊಸದು ಹಾಕಬೇಕು ಅಂತ ಒಬ್ಬರು ಹೇಳಿದರು. ಹೌದಾ?

ಕಾಳಿತೀರ · ಶುಕ್ರವಾರ ಸಂಜೆ 6:15

ಬಲ್ಬಿಗೆ ದುಡ್ಡು ಹಾಕಬೇಡಿ. ಬಲ್ಬು ಹಳತಾದರೆ ಚಿತ್ರ ಮಂಕಾಗ್ತದೆ, ಸಮುದ್ರ ಕಪ್ಪಾಗುವುದಿಲ್ಲ. ವಿಜಿಎ ಕೇಬಲ್ಲಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ತಂತಿಯಲ್ಲಿ ಹೋಗುತ್ತವೆ. ಬಿಳಿಯಿಂದ ನೀಲಿ ತೆಗೆದರೆ ಉಳಿಯುವುದು ಹಳದಿ, ನೀಲಿಯಿಂದ ನೀಲಿ ತೆಗೆದರೆ ಕಪ್ಪು. ನಿಮ್ಮ ನೀಲಿ ತಂತಿ ಎಲ್ಲೋ ಬಿಟ್ಟಿದೆ. (ಕೆಂಪು ಬಿಟ್ಟಿದ್ದರೆ ಬಿಳಿ ಆಕಾಶನೀಲಿಯಾಗಿ ಕಾಣುತ್ತಿತ್ತು, ಹಸಿರು ಬಿಟ್ಟಿದ್ದರೆ ಕಡುಗುಲಾಬಿ.)

ಖಚಿತ ಮಾಡಿಕೊಳ್ಳಲು ಅರ್ಧ ನಿಮಿಷ ಸಾಕು. ಪ್ರೊಜೆಕ್ಟರಿನ ರಿಮೋಟಿನಲ್ಲಿ ಮೆನು ಒತ್ತಿ. ಆ ಮೆನು ಕೇಬಲ್ಲಿನಿಂದ ಬರುವುದಲ್ಲ, ಪ್ರೊಜೆಕ್ಟರೇ ಬರೆಯುವುದು. ಮೆನುವಿನ ಬಿಳಿ ಬಿಳಿಯಾಗಿಯೇ ಇದ್ದರೆ ಪ್ರೊಜೆಕ್ಟರ್ ನಿರಪರಾಧಿ. ಮೆನುವೂ ಹಳದಿಯಾದರೆ ಮಾತ್ರ ಒಳಗೆ ಏನೋ ಆಗಿದೆ.

ಮೆನು ಸರಿ ಇದ್ದರೆ ಬಿಳಿ ಸ್ಲೈಡ್ ಹಾಕಿಟ್ಟು ಮೂರು ಕಡೆ ಒಂದೊಂದಾಗಿ ಮೆಲ್ಲಗೆ ಅಲುಗಾಡಿಸಿ: ಅಡಾಪ್ಟರಿನ ಬಳಿ, ಗೋಡೆಯ ಸಾಕೆಟ್ಟಿನ ಬಳಿ, ಮೇಲೆ ಪ್ರೊಜೆಕ್ಟರಿನ ಬಳಿ. ಎಲ್ಲಿ ಮುಟ್ಟಿದಾಗ ಕ್ಷಣಕಾಲ ಬಿಳಿ ಬರ್ತದೋ ದೋಷ ಅಲ್ಲಿಯೇ. ಒಟ್ಟಿಗೆ ಎರಡು ಕಡೆ ಮುಟ್ಟಿದರೆ ಏನೂ ತಿಳಿಯುವುದಿಲ್ಲ.

ಕುಮಟಾ_ಸಮಾಜ · ಶನಿವಾರ ಬೆಳಿಗ್ಗೆ 10:20

ಮೆನು ಬಿಳಿಯೇ ಇದೆ. ಗೋಡೆಯ ಸಾಕೆಟ್ಟಿನ ಹತ್ತಿರ ಅಲುಗಾಡಿಸಿದರೆ ಬಣ್ಣ ಬಂದು ಹೋಗ್ತದೆ. ಪ್ಲಗ್ಗು ಬಿಚ್ಚಿ ನೋಡಿದೆ, ಎರಡು ಮೂರು ಪಿನ್ನಿನ ಮೇಲೆ ಹಸಿರು ಪುಡಿ ಇದೆ. ನಡುವಿನ ಸಾಲಿನಲ್ಲಿ ಒಂದು ಪಿನ್ನೇ ಇಲ್ಲ! ಮುರಿದಿದೆಯಾ?

ಕಾಳಿತೀರ · ಶನಿವಾರ ಬೆಳಿಗ್ಗೆ 10:45

ನಡುವಿನ ಸಾಲಿನಲ್ಲಿ ಇಲ್ಲದ್ದು 9ನೇ ಪಿನ್ನು. ಬಹಳಷ್ಟು ಕೇಬಲ್ಲಿನಲ್ಲಿ ಅದನ್ನು ಇಡುವುದೇ ಇಲ್ಲ, ಚಿಂತೆ ಬೇಡ. ನಿಮಗೆ ಬೇಕಾದ್ದು 3ನೆಯದು. ಪ್ಲಗ್ಗಿನ ಅಗಲದ ಬದಿ ಮೇಲೆ ಬರುವಂತೆ ಹಿಡಿದರೆ ಮೇಲಿನ ಸಾಲಿನ ಐದರಲ್ಲಿ ನಟ್ಟನಡುವಿನದು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಅದೇ.

ಹಸಿರು ಪುಡಿ ಕಿಲುಬು. ಸಮುದ್ರದಿಂದ ಒಂದೆರಡು ಕಿಲೋಮೀಟರ್ ಒಳಗಿದ್ದರೆ ಇದು ತಪ್ಪಿದ್ದಲ್ಲ. ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಆಗಾಗ ಬಿಚ್ಚಿ ಹಾಕುವ ಜಾಗ, ಅಂದರೆ ಚಿನ್ನದ ಲೇಪ ಸವೆದುಹೋದ ಪಿನ್ನು.

ಎರಡೂ ಕಡೆ ವಿದ್ಯುತ್ ತೆಗೆಯಿರಿ. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗ್ತದೆ. ಹಳೆಯ ಮೆದು ಟೂತ್‌ಬ್ರಷ್ಷಿಗೆ ನಾಲ್ಕು ಹನಿ ಹಾಕಿ ಪಿನ್ನಿನ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಉಜ್ಜಿದರೆ ಬಾಗ್ತವೆ. ಹೆಣ್ಣು ಸಾಕೆಟ್ಟಿಗೆ ಬ್ರಷ್ಷು ಹೋಗುವುದಿಲ್ಲ. ಒದ್ದೆ ಮಾಡಿದ ಪ್ಲಗ್ಗನ್ನು ಹತ್ತು ಸಲ ಹಾಕಿ ತೆಗೆದರೆ ಒಳಗಿನ ಕಿಲುಬು ತಾನೇ ಉದುರುತ್ತದೆ. ಹತ್ತು ನಿಮಿಷ ಒಣಗಲು ಬಿಡಿ. ಲಿಂಬೆರಸ, ಹುಣಸೆಹುಳಿ ತಾಮ್ರದ ತಂಬಿಗೆಗೆ ಸರಿ, ಇಲ್ಲಿ ಬೇಡ. ಹುಳಿ ಒಳಗೆ ಉಳಿದು ಇನ್ನೊಂದು ತಿಂಗಳಲ್ಲಿ ಮತ್ತೆ ತಿನ್ನುತ್ತದೆ. ಮರಳು ಕಾಗದವೂ ಬೇಡ, ಉಳಿದ ಲೇಪವೂ ಹೋಗ್ತದೆ. ಬಾಗಿದ ಪಿನ್ನಿದ್ದರೆ ಮೆಕ್ಯಾನಿಕಲ್ ಪೆನ್ಸಿಲ್ಲಿನ ಲೋಹದ ಮೂತಿಯನ್ನು ಅದರ ಮೇಲೆ ತೊಡಿಸಿ ನಿಧಾನಕ್ಕೆ ನೆಟ್ಟಗೆ ಮಾಡಿ.

ಕೊನೆಗೆ ಪ್ಲಗ್ಗಿನ ಎರಡೂ ಬದಿಯ ಸ್ಕ್ರೂ ಬಿಗಿ ಮಾಡಿ. ಯಾರೂ ಮಾಡುವುದಿಲ್ಲ, ಕೇಬಲ್ಲಿನ ಭಾರಕ್ಕೆ ಪ್ಲಗ್ಗು ಜೋತುಬಿದ್ದು ಮೇಲಿನ ಸಾಲು ಸಡಿಲವಾಗ್ತದೆ. ಆದರೂ ಹಳದಿ ಹೋಗದಿದ್ದರೆ ಸಾಕೆಟ್ಟಿನ ಹಿಂದೆ ಬೆಸುಗೆ ಬಿಟ್ಟಿರಬೇಕು.

ಘಟ್ಟದ_ಮೇಲೆ · ಶನಿವಾರ ಬೆಳಿಗ್ಗೆ 11:30

ಶಿರಸಿಯಿಂದ. ಬಣ್ಣದ ವಿಷಯ ಕಾಳಿತೀರ ನೋಡಿಕೊಳ್ಳಲಿ, ನಾನು ಅಕ್ಷರದ್ದು ಹೇಳ್ತೇನೆ.

ನಿಮ್ಮ ಸ್ಲೈಡ್ ಹಾಳಾಗಿಲ್ಲ. ನುಡಿಯ ಹಳೆಯ ಫಾಂಟುಗಳು ಕನ್ನಡದ ಆಕಾರವನ್ನು ಇಂಗ್ಲಿಷ್ ಅಕ್ಷರಗಳ ಕುರ್ಚಿಯ ಮೇಲೆ ಕೂರಿಸುತ್ತವೆ. ‘ಕ’ ಕೂತಿರುವುದು ಪಿ ಕುರ್ಚಿಯಲ್ಲಿ, ‘ನ’ ಪೌಂಡ್ ಚಿಹ್ನೆಯ ಕುರ್ಚಿಯಲ್ಲಿ. ಕಡತದಲ್ಲಿ ಉಳಿಯುವುದು ಕುರ್ಚಿಯ ಸಂಖ್ಯೆ ಮಾತ್ರ. ಮನೆಯಲ್ಲಿ ನುಡಿ ಫಾಂಟು ಇರುವುದರಿಂದ ಕನ್ನಡ ಕಾಣ್ತದೆ, ಶಾಲೆಯಲ್ಲಿ ಇಲ್ಲದ್ದರಿಂದ ಖಾಲಿ ಕುರ್ಚಿ ಕಾಣ್ತದೆ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಗೂ ಇರುವ ಒಂದೇ ಅಕ್ಷರಸಂಕೇತ ಪದ್ಧತಿ) ಹಾಗಲ್ಲ, ಕನ್ನಡಕ್ಕೆಂದೇ 128 ಸ್ಥಾನ ಮೀಸಲು, ಯಾವ ಯುನಿಕೋಡ್ ಕನ್ನಡ ಫಾಂಟು ಇದ್ದರೂ ಕನ್ನಡವೇ ಬರುತ್ತದೆ.

ನುಡಿ ಬಿಡಬೇಕೆಂದಲ್ಲ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ ಕೆ.ಜಿ.ಪಿ. (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ, ಬೆರಳಿಗೆ ಹೊಸ ಅಭ್ಯಾಸ ಬೇಡ. ಫಾಂಟನ್ನು ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಇಟ್ಟುಕೊಳ್ಳಿ. ನಿರ್ಮಲಾ ವಿಂಡೋಸ್ 10ರಲ್ಲಿ ಮೊದಲೇ ಇರ್ತದೆ.

ಈಗಾಗಲೇ ಟೈಪ್ ಮಾಡಿದ 24 ಸ್ಲೈಡನ್ನು ನುಡಿಯ ಜೊತೆ ಬರುವ ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿ, ಆಮೇಲೆ ಫಾಂಟು ಬದಲಿಸಿ. ಪರಿವರ್ತನೆ ಮಾಡದೆ ಬರೀ ಫಾಂಟು ಬದಲಿಸಿದರೆ ಮನೆಯ ಕಂಪ್ಯೂಟರಿನಲ್ಲೂ ಪೌಂಡ್ ಚಿಹ್ನೆ ಕಾಣ್ತದೆ, ಆಗ ಗಾಬರಿ ಬೀಳಬೇಡಿ, ಕಂಟ್ರೋಲ್ ಝಡ್ ಒತ್ತಿ.

ಹಿಂದಿನ_ಬೆಂಚು · ಶನಿವಾರ ಮಧ್ಯಾಹ್ನ 12:05

ಇಷ್ಟೆಲ್ಲ ಯಾಕೆ ಮಾರಾಯ್ರೆ? ಶಾಲೆಯ ಲ್ಯಾಪ್‌ಟಾಪಿಗೂ ನುಡಿ ಫಾಂಟು ಹಾಕಿದರೆ ಮುಗೀತಲ್ಲ. ಇಲ್ಲವೇ ಪವರ್‌ಪಾಯಿಂಟಿನಲ್ಲಿ ಫೈಲ್, ಆಪ್ಷನ್ಸ್, ಸೇವ್‌ಗೆ ಹೋಗಿ ಫಾಂಟನ್ನು ಕಡತದೊಳಗೇ ಸೇರಿಸುವ ಗುರುತು ಹಾಕಿದರಾಯ್ತು.

ಘಟ್ಟದ_ಮೇಲೆ · ಶನಿವಾರ ಮಧ್ಯಾಹ್ನ 12:40

ಸೋಮವಾರದ ಮಟ್ಟಿಗೆ ಅಡ್ಡಿಲ್ಲ, ಅದನ್ನೇ ಮಾಡಿ. ಶಾಲೆಯ ಲ್ಯಾಪ್‌ಟಾಪಿನ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇರ್ತದೆ ಅನ್ನುವುದೇ ಸಾಮಾನ್ಯವಾಗಿ ದೊಡ್ಡ ಪ್ರಶ್ನೆ, ಆದ್ದರಿಂದ ಕಡತದೊಳಗೆ ಸೇರಿಸುವುದು ವಾಸಿ. ಅದೂ ಆ ಫಾಂಟು ಒಳಸೇರಿಸಲು ಅನುಮತಿ ಕೊಟ್ಟಿದ್ದರೆ ಮಾತ್ರ. ಲಿಬ್ರೆ ಆಫೀಸ್‌ನಲ್ಲಾದರೆ ಫೈಲ್, ಪ್ರಾಪರ್ಟೀಸ್, ಫಾಂಟ್. ಜೊತೆಗೆ ಒಂದು ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಇಡಿ. ಅದರಲ್ಲಿ ವಿಡಿಯೊ ಓಡುವುದಿಲ್ಲ, ಅಕ್ಷರ ಮಾತ್ರ ಅಲುಗಾಡದು.

ಆದರೆ ಅದೇ ಸ್ಲೈಡನ್ನು ಮಕ್ಕಳ ಮನೆಯ ಫೋನಿಗೆ ಕಳಿಸಿದರೆ? ಫೋನಿನಲ್ಲಿ ಮತ್ತೆ ಪೌಂಡ್ ಚಿಹ್ನೆ. ‘ಸತ್ಯಾಗ್ರಹ’ ಅಂತ ಹುಡುಕಿದರೆ ಆ ಕಡತ ಸಿಗುವುದಿಲ್ಲ. ದೃಷ್ಟಿದೋಷವಿರುವ ಮಗು ಪರದೆ ಓದುವ ತಂತ್ರಾಂಶ ಹಾಕಿದರೆ ಅದು ‘ಪಿ, ಎ, ಪೌಂಡ್’ ಅಂತ ಓದುತ್ತದೆ. ಒಂದು ಪಾಠಕ್ಕೆ ಅರ್ಧ ಗಂಟೆ ಹೋದರೂ ಯುನಿಕೋಡ್ ಮಾಡಿಟ್ಟರೆ ಮುಂದಿನ ವರ್ಷ ಹೊಸದಾಗಿ ಟೈಪ್ ಮಾಡುವ ಕೆಲಸ ಉಳಿಯುತ್ತದೆ.

ಕುಮಟಾ_ಸಮಾಜ · ಭಾನುವಾರ ಬೆಳಿಗ್ಗೆ 9:10

ಪರಿವರ್ತಕಕ್ಕೆ ಹಾಕಿದೆ. ಮುಕ್ಕಾಲು ಪಾಲು ಸರಿ. ಇಂಗ್ಲಿಷಿನಲ್ಲಿ ಬರೆದಿದ್ದ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿವೆ. ‘ವರ್ಷ’, ‘ಮಾರ್ಗ’ ಇಂಥವು ಕೆಲವು ಕಡೆ ಮಾತ್ರ ಕೆಟ್ಟಿವೆ. ‘ರ‍್ಯಾಲಿ’ ಬರೆಯಲು ಬರುವುದೇ ಇಲ್ಲ, ‘ರ್ಯಾಲಿ’ ಆಗ್ತದೆ. ಕೆಳಗಿನ ಒತ್ತಕ್ಷರಗಳು ಕತ್ತರಿಸಿ ಹೋಗ್ತವೆ.

ಘಟ್ಟದ_ಮೇಲೆ · ಭಾನುವಾರ ಬೆಳಿಗ್ಗೆ 9:50

ಇಂಗ್ಲಿಷ್ ಕೆಟ್ಟದ್ದು ಸಹಜ. ಪಿ ಕಂಡರೆ ಅದು ಇಂಗ್ಲಿಷಿನ ಪಿಯೋ ನುಡಿಯ ‘ಕ’ವೋ ಪರಿವರ್ತಕಕ್ಕೆ ಗೊತ್ತಾಗುವುದಿಲ್ಲ. ಇಡೀ ಸ್ಲೈಡ್ ನಕಲಿಸಬೇಡಿ, ಕನ್ನಡದ ಭಾಗವನ್ನಷ್ಟೇ ಆಯ್ದು ಹಾಕಿ.

ಅರ್ಕಾವತ್ತಿನ ಕಥೆ ಬೇರೆ. ‘ವರ್ಷ’ವನ್ನು ನುಡಿಯ ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ: ವ, ಷ, ಆಮೇಲೆ ಅರ್ಕ. ಯುನಿಕೋಡ್ ಉಚ್ಚಾರದ ಕ್ರಮದಲ್ಲಿ: ವ, ರ್, ಷ. ಅಂದರೆ ಪರಿವರ್ತಕ ಅರ್ಕವನ್ನು ಎತ್ತಿ ಹಿಂದಕ್ಕೆ ಇಡಬೇಕು. ಪದದ ನಡುವೆ ಸಾಲು ಮುರಿದಿದ್ದರೆ ಅಥವಾ ಹೆಚ್ಚಿನ ಜಾಗ ಬಿಟ್ಟಿದ್ದರೆ ಎಲ್ಲಿಗೆ ಇಡಬೇಕೆಂದು ತಪ್ಪುತ್ತದೆ. ಡಬ್ಬದೊಳಗೆ ಹಿಡಿಸಲಿ ಅಂತ ನೀವು ಎಂಟರ್ ಒತ್ತಿದ ಕಡೆಗಳನ್ನು ನೋಡಿ, ಕೆಟ್ಟಿರುವುದು ಅಲ್ಲಿಯೇ ಇರಬೇಕು. ಮೊದಲು ಎಂಟರ್ ತೆಗೆದು ಆಮೇಲೆ ಪರಿವರ್ತಿಸಿ.

‘ರ‍್ಯಾಲಿ’ಗೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು, ಅದಕ್ಕೆ ಶೂನ್ಯ ಅಗಲದ ಜೋಡಕ ಅನ್ನುತ್ತಾರೆ. ಕೀಲಿ ಹುಡುಕುತ್ತ ಕೂರುವ ಬದಲು ಇಲ್ಲಿ ಬರೆದ ಪದವನ್ನೇ ನಕಲಿಸಿ ಅಂಟಿಸಿ, ಮುಂದಿನ ಸಲಕ್ಕೂ ಆಯ್ತು.

ಒತ್ತಕ್ಷರ ಕತ್ತರಿಸುವುದು ಸಾಲಿನ ಅಂತರ ‘ಎಕ್ಸಾಕ್ಟ್ಲಿ’ ಇಟ್ಟಿದ್ದರಿಂದ. ‘ಮಲ್ಟಿಪಲ್’ ಮಾಡಿ 1.2 ಕೊಡಿ. ಅಕ್ಷರ 28 ಪಾಯಿಂಟಿಗಿಂತ ಕಡಿಮೆ ಬೇಡ. ಒಂದು ಸ್ಲೈಡಿನಲ್ಲಿ ಹನ್ನೆರಡು ಸಾಲು ತುಂಬಿದ್ದರೆ ಅದು ಸ್ಲೈಡಲ್ಲ, ನೋಟ್ಸು. ಹಿಂದಿನ ಬೆಂಚಿನವರಿಗೆ ಆರೇ ಸಾಲು ಓದಲಿಕ್ಕಾಗುವುದು.

ಕಾಳಿತೀರ · ಭಾನುವಾರ ಬೆಳಿಗ್ಗೆ 11:00

ಉಳಿದೆರಡು ಬೇಗ ಹೇಳಿಬಿಡ್ತೇನೆ. ವಿಜಿಎ ಕೇಬಲ್ಲಿನಲ್ಲಿ ಧ್ವನಿಗೆ ತಂತಿಯೇ ಇಲ್ಲ. ಆದರೆ ಲ್ಯಾಪ್‌ಟಾಪಿಗೆ ಕಾಣುವುದು ಎಚ್‌ಡಿಎಂಐ, ಧ್ವನಿಯನ್ನು ಆ ಕಡೆಗೇ ತಳ್ಳಬಹುದು, ಅದು ಅಡಾಪ್ಟರಿನಲ್ಲೇ ಸಾಯ್ತದೆ. ಕೆಳಗೆ ಬಲಮೂಲೆಯ ಸ್ಪೀಕರ್ ಚಿತ್ರ ಒತ್ತಿ, ಸಾಧನದ ಹೆಸರಿನ ಮೇಲೆ ಒತ್ತಿ ಪಟ್ಟಿಯಿಂದ ಲ್ಯಾಪ್‌ಟಾಪಿನ ಸ್ಪೀಕರ್ ಆರಿಸಿ. ಮೇಜಿನ ಸ್ಪೀಕರ್ ತಂತಿಯನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಹಾಕಿ. ಅಡಾಪ್ಟರ್ ಬಿಚ್ಚಿ ಹಾಕಿದ ಮೇಲೆ ಒಮ್ಮೆ ನೋಡಿಕೊಳ್ಳಿ, ಆಯ್ಕೆ ಹಿಂದಕ್ಕೆ ಹೋಗಿರಬಹುದು.

ಕಪ್ಪು ವಿಡಿಯೊ ಫೋನಿನ ಎಚ್.265 ಸಂಕೇತದಲ್ಲಿ (ವಿಡಿಯೊ ಕುಗ್ಗಿಸಿಡುವ ಹೊಸ ವಿಧಾನ) ಇರಬೇಕು, ಅದಕ್ಕೆ ಬೇಕಾದ ಭಾಗ ಎಲ್ಲ ವಿಂಡೋಸ್ 10ರಲ್ಲೂ ಇರುವುದಿಲ್ಲ. ವಿಎಲ್‌ಸಿಯಲ್ಲಿ (ಬೇರೊಂದು ವಿಡಿಯೊ ಪ್ಲೇಯರ್) ತೆರೆದು ನೋಡಿ, ಓಡಿದರೆ ಕಾರಣ ಅದೇ. ಹ್ಯಾಂಡ್‌ಬ್ರೇಕ್‌ನಲ್ಲಿ (ವಿಡಿಯೊ ಬದಲಿಸುವ ತಂತ್ರಾಂಶ) ‘ಫಾಸ್ಟ್ 720ಪಿ30’ ಆರಿಸಿ ಪರಿವರ್ತಿಸಿದರೆ ಎಚ್.264 ಆಗಿ ಬರ್ತದೆ, ಸ್ಲೈಡಿಗೆ ಅದನ್ನು ಸೇರಿಸಿ. ನಿಮ್ಮ ಪ್ರೊಜೆಕ್ಟರಿಗೆ 720 ಧಾರಾಳ. ಮುಂದಿನ ಸಲಕ್ಕೆ ಫೋನಿನ ಕ್ಯಾಮೆರಾದಲ್ಲೇ ಎಚ್.264 ಇಡಿ. ಪ್ರೊಜೆಕ್ಟರ್ ನಾಲ್ಕಕ್ಕೆ ಮೂರರ ಅಳತೆಯದು, ಸ್ಲೈಡನ್ನೂ 4:3 ಮಾಡಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹೋಗಿ ಅಕ್ಷರ ದೊಡ್ಡದಾಗ್ತದೆ. ಆಮೇಲೆ ಎಲ್ಲ ಸ್ಲೈಡು ಒಮ್ಮೆ ತಿರುವಿ ನೋಡಿ, ಚಿತ್ರಗಳು ಜಾಗ ಬದಲಿಸಿರ್ತವೆ.

ಕೇಳದ್ದೊಂದು. ಬಲ್ಬಿನ ಪ್ರೊಜೆಕ್ಟರನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಬೇಡಿ. ರಿಮೋಟಿನಿಂದ ಆರಿಸಿ, ಫ್ಯಾನು ನಿಂತ ಮೇಲೆ ಸ್ವಿಚ್ಚು. ಕಾದ ಬಲ್ಬಿಗೆ ಗಾಳಿ ನಿಂತರೆ ಆಯುಷ್ಯ ಕಡಿಮೆಯಾಗ್ತದೆ. ಮಳೆಗಾಲದಲ್ಲಿ ಪಾಠದ ನಡುವೆ ಕರೆಂಟು ಹೋಗುವುದೂ ಅದೇ ಪೆಟ್ಟು. 600 ವಿಎ ಯುಪಿಎಸ್ ಒಂದಿದ್ದರೆ ಸುಮಾರು 360 ವ್ಯಾಟ್ ತಾಳ್ತದೆ, ಈ ಜಾತಿಯ ಪ್ರೊಜೆಕ್ಟರಿಗೆ ಸಾಮಾನ್ಯವಾಗಿ 250–300 ಸಾಕು. ಅದರ ಮೇಲೆ ಪಾಠ ಮುಂದುವರಿಸಲು ಅಲ್ಲ, ಫ್ಯಾನು ಓಡಿಸಿ ತಣ್ಣಗೆ ಮಾಡಲು.

ಘಟ್ಟದ_ಮೇಲೆ · ಭಾನುವಾರ ಬೆಳಿಗ್ಗೆ 11:25

ಜೂನಿನಿಂದ ಸೆಪ್ಟೆಂಬರ್ ತನಕ ವಾರಕ್ಕೆರಡು ಸಲವಾದರೂ ಪ್ರೊಜೆಕ್ಟರನ್ನು ಅರ್ಧ ಗಂಟೆ ಓಡಿಸಿ. ಘಟ್ಟದ ಮೇಲೆ ಬೂಷ್ಟು, ಕೆಳಗೆ ಕಿಲುಬು, ಎರಡಕ್ಕೂ ಒಳಗಿನ ಬಿಸಿಯೇ ಮದ್ದು. ಪ್ಲಾಸ್ಟಿಕ್ ಚೀಲ ಸುತ್ತಿಡಬೇಡಿ, ತೇವ ಒಳಗೇ ಕೂರ್ತದೆ.

ಕುಮಟಾ_ಸಮಾಜ · ಸೋಮವಾರ ಮಧ್ಯಾಹ್ನ 1:15

ಆಲ್ಕೋಹಾಲಿನಲ್ಲಿ ಉಜ್ಜಿ ಸ್ಕ್ರೂ ಬಿಗಿ ಮಾಡಿದ ಮೇಲೆ ಸಮುದ್ರ ನೀಲಿಯಾಯ್ತು. ಧ್ವನಿ ಬಂತು, ವಿಡಿಯೊ ಎರಡೂ ಓಡಿದವು. ಅಕ್ಷರ ಎಲ್ಲ ಯುನಿಕೋಡ್. 17ನೇ ಸ್ಲೈಡಿನಲ್ಲಿ ಒಂದು ‘ವರ್ಷ’ ಮಾತ್ರ ತಪ್ಪಿ ಉಳಿದಿತ್ತು, ಹುಡುಗರು ಹಿಡಿದರು.

ಇನ್ನೊಂದು ಪ್ರಶ್ನೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪಿನಲ್ಲಿ ತೆರೆಯುವ ಪಾಠವನ್ನು ತರಗತಿಯಲ್ಲಿ ತೋರಿಸಬೇಕು, ಅಲ್ಲಿ ನೆಟ್‌ವರ್ಕ್ ಇಲ್ಲ.

ಕಾಳಿತೀರ · ಸೋಮವಾರ ಮಧ್ಯಾಹ್ನ 2:00

ಮನೆಯಲ್ಲೇ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪಿನೊಳಗೆ ಡೌನ್‌ಲೋಡ್ ಒತ್ತಿಡಿ, ಆಮೇಲೆ ನೆಟ್ ಬೇಡ. ಫೋನಿನ ಪರದೆಯನ್ನು ಲ್ಯಾಪ್‌ಟಾಪಿಗೆ ತರಲು ಎಸ್‌ಸಿಆರ್‌ಸಿಪಿವೈ ಎಂಬ ಉಚಿತ ತಂತ್ರಾಂಶ ಇದೆ. ಫೋನಿನ ಡೆವಲಪರ್ ಆಯ್ಕೆಯಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲ್ಲಿನಿಂದ ಜೋಡಿಸಬೇಕು. ಆಂಡ್ರಾಯ್ಡ್ 11 ಅಥವಾ ಮೇಲಿನದಾದರೆ ಧ್ವನಿಯೂ ಬರ್ತದೆ. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್ಲಿನಲ್ಲಿ ಆಗುವುದಿಲ್ಲ, ಒಳಗೆ ದತ್ತಾಂಶದ ಎರಡು ತಂತಿ ಇರಬೇಕು. ಪಾಠ ಮುಗಿದ ಮೇಲೆ ಡಿಬಗ್ಗಿಂಗ್ ಆಫ್ ಮಾಡಿ. ಫೋನನ್ನು ‘ಡು ನಾಟ್ ಡಿಸ್ಟರ್ಬ್’ನಲ್ಲಿ ಇಡಿ, ಇಲ್ಲದಿದ್ದರೆ ಮನೆಯ ವಾಟ್ಸಾಪ್ ಎಲ್ಲ ಗೋಡೆಯ ಮೇಲೆ ಬರ್ತದೆ.