ಪದಚರ್ಚೆ: ‘ಲಾಕ್’, ‘ಆಟೋಫಿಲ್’, ‘ಮಾಸ್ಟರ್ ಪಾಸ್‌ವರ್ಡ್’ – ಕೈಪಿಡಿಗೆ ಏನು ಬರೆಯಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಪತ್ತಿನ ಸಹಕಾರ ಸಂಘದ ಸಿಬ್ಬಂದಿಗೆ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನೆಲ್ಲ ಜೋಪಾನವಾಗಿಡುವ ತಂತ್ರಾಂಶ) ಬಳಸುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಚೇರಿಯ ಕಂಪ್ಯೂಟರ್‌ಗಳ ಬ್ರೌಸರ್‌ಗೆಲ್ಲ ಬಿಟ್‌ವಾರ್ಡನ್ ಎಂಬ ಮ್ಯಾನೇಜರಿನ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ) ಹಾಕಿ ಕೆಲವು ತಿಂಗಳಾಯಿತು. ಅಲ್ಲಿಯವರೆಗೆ ಪಾಸ್‌ವರ್ಡ್‌ಗಳು ಕೀಬೋರ್ಡ್ ಅಡಿಯ ಚೀಟಿಯಲ್ಲಿ, ಠೇವಣಿ ರಿಜಿಸ್ಟರಿನ ಕೊನೆಯ ಪುಟದಲ್ಲಿ, ಡೆಸ್ಕ್‌ಟಾಪ್ ಮೇಲೆ ‘ಪಾಸ್‌ವರ್ಡ್’ ಎಂದೇ ಹೆಸರಿಟ್ಟ ಎಕ್ಸೆಲ್ ಫೈಲಿನಲ್ಲಿ ಇರುತ್ತಿದ್ದವು. ಕೈಪಿಡಿ ಬಹುಪಾಲು ಮುಗಿದಿದೆ, ಕೆಲವು ಪದಗಳು ಮಾತ್ರ ಕೈಹಿಡಿದು ನಿಲ್ಲಿಸಿವೆ. ಸಮಾನಪದ ಸಿಗದೆ ಅಲ್ಲ, ಸಿಕ್ಕಿದ ಪದ ಓದಿದವರು ಮಾಡಬೇಕಾದ್ದನ್ನು ಬಿಟ್ಟು ಬೇರೇನೋ ಮಾಡುತ್ತಾರೆ, ಅದೇ ತೊಂದರೆ. ಹಾಗಾಗಿ ನಾನು ಕೇಳುತ್ತಿರುವುದು ಅಚ್ಚಗನ್ನಡವೋ ಸಂಸ್ಕೃತವೋ ಎಂಬುದನ್ನಲ್ಲ. ಮೇಜಿನ ಮುಂದೆ ಕೂತವರ ಬಾಯಲ್ಲಿ ಈಗಾಗಲೇ ಇರುವ ಯಾವ ಮಾತು ಇಲ್ಲಿ ಕೆಲಸಕ್ಕೆ ಬಂದೀತು ಎಂಬುದನ್ನು.

ಮೊದಲೇ ಒಂದು ವಿನಂತಿ. ಪಾಸ್‌ವರ್ಡ್‌ಗೆ ಗುಪ್ತಪದವೋ ಪ್ರವೇಶಪದವೋ ಎಂಬ ಚರ್ಚೆ ಈ ಎಳೆಯಲ್ಲಿ ಬೇಡ. ನಮ್ಮವರಿಗೆ ಪಾಸ್‌ವರ್ಡ್ ಅಂದರೆ ಪಾಸ್‌ವರ್ಡೇ. ‘ಮ್ಯಾನೇಜರ್’ಗೆ ಅನುವಾದಗಳಲ್ಲಿ ಬರುವ ‘ನಿರ್ವಾಹಕ’ವನ್ನು ಮೊದಲ ಕರಡಿನಲ್ಲಿ ಹಾಕಿ ನೋಡಿದೆ. ಓದಿದ ಜವಾನರು, “ಟಿಕೇಟ್ ಯಾರು ಹರೀತಾರ್ರಿ?” ಅಂದರು. ದಿನಾ ಹರಿಹರದಿಂದ ಕೆಂಪು ಬಸ್ಸಿನಲ್ಲಿ ಬರುವವರಿಗೆ ಚಾಲಕನ ಜೊತೆ ಇರುವವನೇ ನಿರ್ವಾಹಕ. ಎಕ್ಸ್‌ಟೆನ್ಷನ್‌ಗೆ ಬರೆದ ‘ವಿಸ್ತರಣೆ’ ಓದಿದವರಿಗೆ ಕೃಷಿ ವಿಸ್ತರಣಾಧಿಕಾರಿ ನೆನಪಾದರು. ಇವೆರಡನ್ನೂ ಇಂಗ್ಲಿಷಿನಲ್ಲೇ ಬಿಟ್ಟಿದ್ದೇನೆ. ಹೆಸರು ಹೇಗಿದ್ದರೂ ಕೆಲಸ ಕೆಡುವುದಿಲ್ಲ.

ಕೆಲಸ ಕೆಡುವುದು ‘ಲಾಕ್’ನಿಂದ.

ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಎಕ್ಸ್‌ಟೆನ್ಷನ್ ತಾನಾಗಿ ಲಾಕ್ ಆಗುವಂತೆ ಇಟ್ಟಿದ್ದೇವೆ. ಮತ್ತೆ ಪಿನ್ ಹೊಡೆದರೆ ತೆರೆಯುತ್ತದೆ. ಇದು ಮಾಮೂಲಿ. ಆದರೆ ರಾಣೆಬೆನ್ನೂರಿನಿಂದ ಬರುವ ನಮ್ಮ ನಗದು ಗುಮಾಸ್ತರು ಮೊದಲ ವಾರವೇ ಗಾಬರಿಯಲ್ಲಿ ಫೋನ್ ಮಾಡಿದರು: “ಸರ, ಲಾಕ್ ಆಗೇತ್ರಿ. ನಾ ಏನೂ ತಪ್ಪು ಹೊಡದಿಲ್ರಿ.” ಅವರ ಗಾಬರಿಗೆ ಅರ್ಥವಿದೆ. ಕನ್ನಡದಲ್ಲಿ ‘ಲಾಕ್ ಆಯ್ತು’ ಅಂದರೆ ತಪ್ಪು ಪಾಸ್‌ವರ್ಡ್ ಹಾಕಿ ಹಾಕಿ ಖಾತೆ ಬಂದ್ ಆಯ್ತು, ಇನ್ನು ಶಾಖೆಗೆ ಹೋಗಿ ಅರ್ಜಿ ಕೊಡಬೇಕು ಎಂದೇ. ಎಟಿಎಂ ಕಾರ್ಡ್ ಲಾಕ್ ಆಗುತ್ತದೆ, ನೆಟ್‌ಬ್ಯಾಂಕಿಂಗ್ ಲಾಕ್ ಆಗುತ್ತದೆ, ಸಿಮ್ ಲಾಕ್ ಆಗುತ್ತದೆ. ಎಲ್ಲವೂ ಶಿಕ್ಷೆ. ತಾನೇ ಜೋಪಾನ ಮಾಡಿಕೊಂಡದ್ದಕ್ಕೆ ಆ ಪದ ಹೊಂದುವುದಿಲ್ಲ.

ಹಾಗಾದರೆ ಬೀಗ? ‘ಬೀಗ ಹಾಕಿದೆ’ ಎಂದು ಬರೆದೆ. ಪತ್ತಿನ ಸಂಘದ ಕಾಗದದಲ್ಲಿ ‘ಬೀಗ ಹಾಕಿದೆ’ ಎಂಬ ಮಾತು ಕಂಡರೆ ಠೇವಣಿದಾರರು ಬಾಗಿಲ ಮುಂದೆ ಸಾಲು ನಿಲ್ಲುತ್ತಾರೆ ಎಂದು ಕಾರ್ಯದರ್ಶಿಗಳು ಹೇಳಿದರು. ತಮಾಷೆಯಲ್ಲೇ ಹೇಳಿದರು, ಆದರೂ ಹೊಡೆದುಹಾಕಿದೆ. ‘ಬಾಗಿಲು ಹಾಕಿದೆ’ ಇನ್ನೂ ಕಡೆ.

ಕಷ್ಟ ಹೆಚ್ಚಾಗುವುದು ಪಕ್ಕದಲ್ಲೇ ‘ಲಾಗೌಟ್’ ಇರುವುದರಿಂದ. ಎರಡಕ್ಕೂ ನಮ್ಮವರು ‘ಲಾಗೌಟ್ ಆಗ್ಬಿಡ್ತು’ ಎಂದೇ ಅನ್ನುತ್ತಾರೆ. ವ್ಯತ್ಯಾಸ ಮಾತ್ರ ದೊಡ್ಡದು. ಲಾಕ್ ಆದಾಗ ಗೂಢಲಿಪಿಯಲ್ಲಿರುವ ಮಾಹಿತಿ ಆ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಪಿನ್ ಹಾಕಿ ತೆರೆಯಬಹುದು. ಲಾಗೌಟ್ ಆದರೆ ಆ ಯಂತ್ರದಿಂದ ಮಾಹಿತಿ ಅಳಿಸಿಹೋಗುತ್ತದೆ. ಮತ್ತೆ ಒಳಗೆ ಹೋಗಲು ಇಂಟರ್ನೆಟ್ ಬೇಕು, ಮಾಸ್ಟರ್ ಪಾಸ್‌ವರ್ಡ್ (ಬಿಟ್‌ವಾರ್ಡನ್ ತೆರೆಯುವ ಪಾಸ್‌ವರ್ಡ್) ಬೇಕು, ಎರಡನೇ ಹಂತದ ಕೋಡ್ ಇಟ್ಟುಕೊಂಡಿದ್ದರೆ ಅದೂ ಬೇಕು. ಊಟಕ್ಕೆ ಏಳುವಾಗ ಲಾಗೌಟ್ ಒತ್ತಿ ಹೋದವರು ಬಂದು ಕೂತು ಕೋಡಿಗಾಗಿ ಫೋನ್ ಹುಡುಕುತ್ತಾರೆ. ಅದು ಚಾರ್ಜಿಗೆ ಹಾಕಿದ್ದು ಇನ್ನೊಂದು ಕೋಣೆಯಲ್ಲಿ, ಕೌಂಟರ್ ಮುಂದೆ ಜನ.

ನನಗೆ ಹೊಳೆದದ್ದು ಚಿಲಕ. ಲಾಕ್‌ಗೆ ‘ಚಿಲಕ ಹಾಕು’, ಲಾಗೌಟ್‌ಗೆ ‘ಬೀಗ ಹಾಕಿ ಹೊರಡು’. ಚಿಲಕ ಹಾಕಿದವನು ಮನೆಯಲ್ಲೇ ಇರುತ್ತಾನೆ, ಬೀಗ ಹಾಕಿದವನು ಊರಿಗೆ ಹೋಗಿರುತ್ತಾನೆ. ಹೇಳಿದ ತಕ್ಷಣ ಎಲ್ಲರಿಗೂ ಅರ್ಥವಾಯಿತು. ಆದರೆ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ತಕರಾರೂ ಸರಿಯಾದದ್ದೇ: ಚಿಲಕ ಅಂದರೆ ಹೊರಗಿನಿಂದ ಕಡ್ಡಿ ತೂರಿಸಿ ತೆಗೆಯಬಹುದಾದದ್ದು ಎಂಬ ಭಾವ ಬರುತ್ತದೆ, ಇಲ್ಲಿ ಹಾಗಿಲ್ಲ, ಲಾಕ್ ಆದಾಗಲೂ ಒಳಗಿನದು ಪೂರ್ತಿ ಗೂಢಲಿಪಿಯಲ್ಲೇ ಇರುತ್ತದೆ. ಇದಕ್ಕಿಂತ ಬಿಗಿಯಾದ, ಆದರೆ ಬೀಗದಷ್ಟು ಭಯ ಹುಟ್ಟಿಸದ ಪದ ನಿಮ್ಮ ಕಡೆ ಇದೆಯೇ? ಅಗುಳಿ ನೆನಪಾಯಿತು, ಅದನ್ನು ನೋಡಿದವರೇ ನಮ್ಮ ಕಚೇರಿಯಲ್ಲಿ ಕಡಿಮೆ.

‘ಆಟೋಫಿಲ್’, ಅಂದರೆ ಲಾಗಿನ್ ಪುಟದ ಖಾನೆಗಳನ್ನು ಎಕ್ಸ್‌ಟೆನ್ಷನ್ ತುಂಬುವುದು, ಆ ವಿಷಯದಲ್ಲಿ ನನ್ನ ಮನಸ್ಸು ಹೆಚ್ಚುಕಡಿಮೆ ಗಟ್ಟಿಯಾಗಿದೆ, ವಿರೋಧವಿದ್ದರೆ ಹೇಳಿ. ರೂಢಿಯಲ್ಲಿರುವುದು ಸ್ವಯಂಭರ್ತಿ. ಅದನ್ನು ಓದಿದ ಒಬ್ಬರು ಲಾಗಿನ್ ಪುಟ ತೆರೆದು, ಎರಡೂ ಕೈ ಮಡಿಚಿಕೊಂಡು ಪರದೆ ನೋಡುತ್ತ ಕೂತಿದ್ದರು. ‘ಸ್ವಯಂ’ ಅಂತ ಬರೆದಿದೆಯಲ್ಲ, ತಾನೇ ಆಗಬೇಕಲ್ಲ! ವಾಸ್ತವದಲ್ಲಿ ಬಿಟ್‌ವಾರ್ಡನ್‌ನಲ್ಲಿ ಪುಟ ತೆರೆದ ಕೂಡಲೇ ತುಂಬುವ ಸೌಲಭ್ಯ ಮೊದಲಿನಿಂದ ಆಫ್ ಆಗಿಯೇ ಬರುತ್ತದೆ. ನಾವು ಪಟ್ಟಿಯಿಂದ ಆರಿಸಬೇಕು, ಇಲ್ಲವೇ ಕಂಟ್ರೋಲ್-ಶಿಫ್ಟ್-ಎಲ್ ಒತ್ತಬೇಕು. ಹಾಗಿರಲು ಕಾರಣವಿದೆ. ಕೆಟ್ಟ ಪುಟವೊಂದು ಕಣ್ಣಿಗೆ ಕಾಣದ ಖಾನೆ ಇಟ್ಟು, ಅದರಲ್ಲಿ ತುಂಬಿದ್ದನ್ನು ಕದಿಯಬಹುದು. 2025ರ ಆಗಸ್ಟ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ನಡೆದ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಒಬ್ಬ ಸಂಶೋಧಕ ತೋರಿಸಿದ್ದು ಇನ್ನೂ ಒಂದು ಹೆಜ್ಜೆ ಮುಂದಿನದು: ಎಕ್ಸ್‌ಟೆನ್ಷನ್ ಪುಟದ ಮೇಲೆ ತೋರಿಸುವ ಪಟ್ಟಿಯನ್ನೇ ಪಾರದರ್ಶಕ ಮಾಡಿ, ಅದರ ಜಾಗಕ್ಕೆ ಸರಿಯಾಗಿ ‘ಕುಕೀ ಒಪ್ಪಿಗೆ’ ಗುಂಡಿಯಂಥದ್ದೇನನ್ನೋ ಇಟ್ಟು, ನಮ್ಮ ಕೈಯಿಂದಲೇ ಕ್ಲಿಕ್ ಮಾಡಿಸುವುದು. ಹೆಸರುವಾಸಿ ಎಕ್ಸ್‌ಟೆನ್ಷನ್‌ಗಳು ಹಲವು ಇದಕ್ಕೆ ಸಿಕ್ಕಿಬಿದ್ದವು. ಬಿಟ್‌ವಾರ್ಡನ್ ಸೇರಿ ಕೆಲವು ಆಮೇಲೆ ತಿದ್ದಿಕೊಂಡವು.

ಅಂದರೆ ತುಂಬುವುದು ನಮ್ಮ ಅಪ್ಪಣೆಯ ಮೇಲೆ ಎಂಬುದು ಪದದಲ್ಲೇ ಇರಬೇಕು. ಕನ್ನಡದ ‘ಇಸು’ ಪ್ರತ್ಯಯ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ‘ತುಂಬು’ ಅಲ್ಲ, ‘ತುಂಬಿಸು’. “ಪಾಸ್‌ವರ್ಡ್ ತುಂಬಿಸಿ” ಅಂದರೆ ಮಾಡಿಸುವವರು ನಾವು, ಮಾಡುವುದು ಎಕ್ಸ್‌ಟೆನ್ಷನ್. ಒಂದು ಅನುಮಾನ ಉಳಿದಿದೆ: ನಮ್ಮ ಕಡೆ ಅರ್ಜಿಯನ್ನು ತುಂಬುತ್ತೇವೆ, ‘ಹಣ ತುಂಬಿದೆ’ ಅಂದರೆ ಖಾತೆಗೆ ಕಟ್ಟಿದೆ ಎಂದು. ಸಂಘದ ಕೌಂಟರಿನಲ್ಲಿ ‘ತುಂಬಿಸಿ’ ಅಂದರೆ ದುಡ್ಡು ಕಟ್ಟಿಸಿ ಎಂದಾದೀತೇ? ಇದುವರೆಗೆ ಯಾರೂ ಹಾಗೆ ತಿಳಿದಿಲ್ಲ.

ಇನ್ನೊಂದು ಪದ ಅವರೇ ಕೊಟ್ಟದ್ದು, ನನಗೆ ಬಹಳ ಇಷ್ಟವಾದದ್ದು. ಎಕ್ಸ್‌ಟೆನ್ಷನ್ ಪುಟದ ವಿಳಾಸ ನೋಡಿ, ಇಟ್ಟುಕೊಂಡ ವಿಳಾಸದೊಂದಿಗೆ ತಾಳೆ ಹಾಕಿ, ಕೂಡಿ ಬಂದರೆ ಮಾತ್ರ ಪಾಸ್‌ವರ್ಡ್ ಮುಂದಿಡುತ್ತದೆ. ಇಂಗ್ಲಿಷಿನಲ್ಲಿ ಇದು ‘ಮ್ಯಾಚ್’. ನಾನು ‘ಹೊಂದಾಣಿಕೆ’ ಎಂದು ಬರೆದಿದ್ದೆ, ಯಾರೂ ಅದನ್ನು ಬಾಯಲ್ಲಿ ಆಡಲಿಲ್ಲ. ಆಡಿದ್ದು “ಗುರುತು ಹಿಡೀಲಿಲ್ಲ” ಎಂದು. ಸಂದರ್ಭ ಇದು: ಭಾರತದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಮೋಸದ ತಾಣಗಳನ್ನು ಬೇರ್ಪಡಿಸುವುದಕ್ಕೆಂದೇ ಮಾಡಿದ ಏರ್ಪಾಡು. ನಾವು ವ್ಯವಹರಿಸುವ ಬ್ಯಾಂಕಿನ ವಿಳಾಸವೂ ಬದಲಾಯಿತು, ಎಕ್ಸ್‌ಟೆನ್ಷನ್ ಸುಮ್ಮನಾಯಿತು. ಹಳೆ ವಿಳಾಸ ಮಾತ್ರ ಅದಕ್ಕೆ ಗೊತ್ತು. “ಕೆಟ್ಟೋಗಿದೆ” ಎಂದು ತಿಳಿದು ಕೆಲವರು ಪಾಸ್‌ವರ್ಡ್ ನಕಲು ಮಾಡಿ ಕೈಯಾರೆ ಅಂಟಿಸಿದರು. ಈ ಸಲ ಪುಟ ಅಸಲಿಯೇ ಆಗಿತ್ತು. ನಕಲಿ ಪುಟವಾಗಿದ್ದರೂ ಎಕ್ಸ್‌ಟೆನ್ಷನ್ ಹೀಗೇ ಸುಮ್ಮನಿರುತ್ತಿತ್ತು, ಅವರು ಹೀಗೇ ಅಂಟಿಸುತ್ತಿದ್ದರು.

ಹಾಗಾಗಿ ಕೈಪಿಡಿಯಲ್ಲಿ ಈಗ ಹೀಗಿದೆ: “ಎಕ್ಸ್‌ಟೆನ್ಷನ್ ಪುಟದ ಗುರುತು ಹಿಡಿಯದಿದ್ದರೆ ಪಾಸ್‌ವರ್ಡ್ ಅಂಟಿಸಬೇಡಿ. ಮೇಲಿನ ವಿಳಾಸ ಓದಿ. ಅನುಮಾನವಿದ್ದರೆ ಕೇಳಿ.” ‘ಹೊಂದಾಣಿಕೆ ಇಲ್ಲ’ ಎಂಬಲ್ಲಿ ಯಂತ್ರದ ತಪ್ಪು ಕಾಣುತ್ತದೆ, ‘ಗುರುತು ಹಿಡಿಯಲಿಲ್ಲ’ ಎಂಬಲ್ಲಿ ಎದುರಿಗಿರುವವನ ಮೇಲೆ ಅನುಮಾನ ಹುಟ್ಟುತ್ತದೆ. ಬೇಕಾದದ್ದು ಎರಡನೆಯದು.

ಇದರ ಉಲ್ಟಾ ತೊಂದರೆಯೂ ಇದೆ. ಸಾಲ ವಿಭಾಗದವರು ಋಣಭಾರ ಪತ್ರಕ್ಕೆಂದು ಕಾವೇರಿ ತಾಣ ತೆರೆದರೆ ಸೇವಾ ಸಿಂಧುವಿನ ಲಾಗಿನ್ ಕೂಡ ಪಟ್ಟಿಯಲ್ಲಿ ಬಂದು ಕೂರುತ್ತದೆ. ಎರಡರ ವಿಳಾಸವೂ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯುವುದರಿಂದ, ಎಕ್ಸ್‌ಟೆನ್ಷನ್ನಿನ ಮೂಲ ಸೆಟ್ಟಿಂಗ್‌ನಲ್ಲಿ ರಾಜ್ಯ ಸರ್ಕಾರದ ಇಂಥ ತಾಣಗಳೆಲ್ಲ ಒಂದೇ. ವಿಳಾಸದ ಮುಂಭಾಗವನ್ನೂ ಸೇರಿಸಿ ನೋಡು ಎಂದು ಬದಲಿಸಿದರೆ ಸರಿಹೋಗುತ್ತದೆ. ಇದಕ್ಕೆ ಪದ ಬೇಡ, ಚಿತ್ರ ಹಾಕಿದ್ದೇನೆ.

ಇನ್ನು ‘ಮಾಸ್ಟರ್ ಪಾಸ್‌ವರ್ಡ್’. ಖಾತೆ ತೆರೆಯುವಾಗ ಇಮೇಲ್ ಕೇಳುತ್ತದೆ, ಅದರ ಕೆಳಗೆ ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ. ಇಮೇಲ್ ಆದ ಮೇಲೆ ಬರುವ ಪಾಸ್‌ವರ್ಡ್ ಇಮೇಲಿನದ್ದೇ ಎಂದುಕೊಂಡು ನಮ್ಮಲ್ಲಿ ಹೆಚ್ಚಿನವರು ಜಿಮೇಲ್ ಪಾಸ್‌ವರ್ಡ್ ಹಾಕಿದರು. ‘ಮುಖ್ಯ ಪಾಸ್‌ವರ್ಡ್’ ಎಂದು ಬದಲಿಸಿದೆ. ಮುಖ್ಯವಾದದ್ದು ಯಾವುದು? ಬ್ಯಾಂಕಿನದು. ಅದನ್ನು ಹಾಕಿದರು! ‘ತಾಯಿ ಪಾಸ್‌ವರ್ಡ್’ ಎಂದು ಒಬ್ಬರು ಸೂಚಿಸಿದರು, ತಾಯಿಬೇರು ಇದ್ದ ಹಾಗೆ. ಚೆನ್ನಾಗಿದೆ, ಆದರೆ ಫಾರಂಗಳಲ್ಲಿ ತಾಯಿಯ ಹೆಸರು ಬರೆದು ಬರೆದು ಅಭ್ಯಾಸವಾದ ಜನ ಅಲ್ಲಿ ಏನು ಟೈಪ್ ಮಾಡುತ್ತಾರೆಂದು ಊಹಿಸಿ. ಸದ್ಯಕ್ಕೆ ‘ಬಿಟ್‌ವಾರ್ಡನ್ ಪಾಸ್‌ವರ್ಡ್’ ಎಂದು ಚಪ್ಪಟೆಯಾಗಿ ಬರೆದಿದ್ದೇನೆ. ಯಾವುದನ್ನು ತೆರೆಯುತ್ತದೋ ಅದರ ಹೆಸರು. ಗೊಂದಲ ನಿಂತಿದೆ. ಕೊರತೆ ಎಂದರೆ, ನಾಳೆ ಬೇರೆ ತಂತ್ರಾಂಶಕ್ಕೆ ಹೋದರೆ ಕೈಪಿಡಿ ಪೂರ್ತಿ ತಿದ್ದಬೇಕು.

ಇದರ ತೂಕವನ್ನು ಹೇಳುವ ವಾಕ್ಯವೂ ಬೇಕು. ‘ಮರೆತರೆ ರೀಸೆಟ್ ಮಾಡಬಹುದು’ ಎಂಬುದು ನಮ್ಮವರ ರಕ್ತದಲ್ಲಿ ಸೇರಿಹೋಗಿದೆ, ಓಟಿಪಿ ಬರುತ್ತದೆ, ಹೊಸದು ಇಟ್ಟುಕೊಂಡರಾಯಿತು. ಇಲ್ಲಿ ಹಾಗಿಲ್ಲ, ಕಂಪನಿಯ ಹತ್ತಿರವೂ ಅದು ಇರುವುದಿಲ್ಲ. ಕಳ್ಳ ಕಂಪನಿಗೇ ನುಗ್ಗಿದರೂ ನಮ್ಮನ್ನು ಕಾಯುವುದು ಅದೊಂದೇ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರಿನ ಗ್ರಾಹಕರ ದಾಸ್ತಾನಿನ ಪ್ರತಿಯನ್ನೇ ಕದ್ದರು. ಅದರಲ್ಲಿ ತಾಣಗಳ ವಿಳಾಸಗಳು ಬಯಲಾಗಿಯೇ ಇದ್ದವು, ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು. ಮಾಸ್ಟರ್ ಪಾಸ್‌ವರ್ಡ್ ಸಡಿಲವಾಗಿದ್ದವರು ಚಿಂತೆ ಮಾಡಬೇಕಾಯಿತು. ಆದ್ದರಿಂದ ಗಟ್ಟಿಯಾದದ್ದು, ಉದ್ದವಾದದ್ದು, ನೆನಪಿರುವಂಥದ್ದು ಬೇಕು.

ಇಲ್ಲಿ ಬಳಗದ ನಿಜವಾದ ಸಹಾಯ ಬೇಕು. ನಾಲ್ಕೈದು ಬಿಡಿಪದ ಜೋಡಿಸುವ ಪದ್ಧತಿ ಒಳ್ಳೆಯದು. ಅದಕ್ಕೆಂದು ಅಮೆರಿಕದ ಇ.ಎಫ್.ಎಫ್. (ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ) ಸಂಸ್ಥೆ 2016ರಲ್ಲಿ 7776 ಇಂಗ್ಲಿಷ್ ಪದಗಳ ಪಟ್ಟಿ ಮಾಡಿದೆ, ಐದು ಸಲ ದಾಳ ಉರುಳಿಸಿದರೆ ಒಂದು ಪದ. ನಮ್ಮವರಿಗೆ ಆ ಪದಗಳು ನೆನಪಿರುವುದಿಲ್ಲ. ಕನ್ನಡ ಲಿಪಿಯಲ್ಲೇ ಇಟ್ಟರೆ ಇನ್ನೊಂದು ಗಂಡಾಂತರ. ‘ಕೊ’ದ ಒತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘದ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅದರ ಮೇಲೆ ಖಾನೆಯಲ್ಲಿ ಕಾಣುವುದು ಬರೀ ಚುಕ್ಕೆ, ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಆನ್ ಇದೆಯೋ ಆಫ್ ಇದೆಯೋ ತಿಳಿಯುವುದಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ ಎಂದುಕೊಂಡೆವು. ಆದರೆ ಊರು ಎಂಬುದನ್ನು ಒಬ್ಬರು ಒಂದು ‘ಯು’ ಹಾಕಿ ಶುರುಮಾಡುತ್ತಾರೆ, ಇನ್ನೊಬ್ಬರು ಡಬಲ್ ‘ಓ’, ಅದೇ ಮನುಷ್ಯ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ಬೆಲೆ-ಬೆಳೆ, ಕಲೆ-ಕಳೆ ಕೂಡ ಅಲ್ಲಿ ಒಂದೇ ಆಗಿಬಿಡುತ್ತವೆ. ದೀರ್ಘಸ್ವರ, ಮಹಾಪ್ರಾಣ ಇಲ್ಲದ, ‘ವ’ ಇಲ್ಲದ, ಯಾರು ಬರೆದರೂ ಒಂದೇ ಕಾಗುಣಿತ ಬರುವ ಪದಗಳು ಬೇಕು: ಮರ, ಕೆರೆ, ಬಿದಿರು, ಕುದುರೆ ಇಂಥವು. ಹೀಗೆ ಸೋಸಿದ ಪಟ್ಟಿ ಯಾರಾದರೂ ಮಾಡಿದ್ದೀರಾ? ಇಲ್ಲದಿದ್ದರೆ ನಿಘಂಟಿನ ಯಾವುದಾದರೂ ಡಿಜಿಟಲ್ ಪ್ರತಿಯಿಂದ ಸೋಸಲು ಜೊತೆಯಾಗುತ್ತೀರಾ? ಸ್ಕ್ರಿಪ್ಟ್ ನಾನು ಬರೆಯುತ್ತೇನೆ, ಕಣ್ಣು ಹಾಯಿಸಲು ಜನ ಬೇಕು.

ಕೊನೆಯದಾಗಿ ‘ಪಾಸ್‌ಕೀ’, ಅಂದರೆ ಟೈಪ್ ಮಾಡದೆ ಲಾಗಿನ್ ಆಗಲು ಸಾಧನ ತಾನೇ ಇಟ್ಟುಕೊಳ್ಳುವ ಡಿಜಿಟಲ್ ಗುರುತು. ಈಗೀಗ ತಾಣಗಳು ಪಾಸ್‌ವರ್ಡ್ ಬದಲು ಪಾಸ್‌ಕೀ ಮಾಡಿಕೊಳ್ಳಿ ಎನ್ನುತ್ತಿವೆ, ಎಕ್ಸ್‌ಟೆನ್ಷನ್ ಅದನ್ನೂ ಇಟ್ಟುಕೊಳ್ಳುತ್ತದೆ. ‘ಕೀ’ಗೆ ‘ಕೀಲಿ’ ಎಂದು ಬರೆಯಲು ಕೈ ಹೋಗುತ್ತದೆ, ಕೀಲಿಮಣೆ ಇದೆಯಲ್ಲ. ಆದರೆ ತುಂಗಭದ್ರೆ ದಾಟಿದ ಮೇಲೆ ‘ಕೀಲಿ ಹಾಕು’ ಅಂದರೆ ಬೀಗ ಹಾಕು ಎಂದು. ಕೀಲಿ ಅಂದರೆ ಬೀಗ, ತೆಗೆಯುವುದು ಕೀಲಿಕೈ. ನಮ್ಮ ಕಚೇರಿಯಲ್ಲಿ ಅರ್ಧ ಜನ ಹೊಳೆಯ ಆ ಕಡೆಯವರು, ಅರ್ಧ ಜನ ಈ ಕಡೆಯವರು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ಕಂಪ್ಯೂಟರ್ ಪರದೆಯ ಮೇಲೆ ‘ಕೀಲಿ’ ಎಂದು ಕಂಡರೆ ನಿಮಗೆ ಮೊದಲು ಹೊಳೆಯುವುದು ಬೀಗವೋ, ಬೀಗದ ಕೈಯೋ? ‘ಚಾವಿ’ ಅಂದರೆ ಎಲ್ಲರಿಗೂ ನಡೆದೀತೇ? ಕೈಪಿಡಿ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಉತ್ತರ ಬಂದರೆ ಉಪಕಾರ.