ಮೂರನೇ ಸಿಲಿಂಡರ್ ಮಿಸ್ಸಿಂಗ್: ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲ ಆಯ್ತು, ಇನ್ನೂ ನಿಂತಿಲ್ಲ

ಮಣ್ಣುದಾರಿ:

ಎರಡು ತಿಂಗಳಿಂದ ಇದೇ ತಲೆನೋವು. ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಪಿಕಪ್ ಗಾಡಿ, 1,80,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹೂ ಎತ್ತಿದ ಹಾಗೆ ಓಡುತ್ತೆ. 20 ನಿಮಿಷ ಓಡಿ ಎಂಜಿನ್ ಚೆನ್ನಾಗಿ ಕಾದ ಮೇಲೆ, ಹಿಂದೆ ಲೋಡ್ ಇದ್ದು ಏರಿನಲ್ಲಿ ಕ್ಲಚ್ ಬಿಟ್ಟರೆ ಸಾಕು, ಕುಂಟೋದಕ್ಕೆ ಶುರು. ಸೀಟಿನ ಅಡಿಯಿಂದ ಯಾರೋ ಗುದ್ದುತ್ತಿರುವ ಹಾಗೆ. ಚೆಕ್ ಎಂಜಿನ್ ದೀಪ ಮಿಟುಕುತ್ತೆ. ಸ್ಕ್ಯಾನರ್ ಹಾಕಿದರೆ ಪ್ರತಿ ಸಲವೂ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದ ಮಿಸ್ಸಿಂಗ್ (ಮಿಸ್‌ಫೈರ್). ಬೇರೆ ಯಾವ ಕೋಡೂ ಇಲ್ಲ.

ನಾಲ್ಕೂ ಪ್ಲಗ್ ಹೊಸದು ಹಾಕಿದೆ. ಮೂರನೆಯದಕ್ಕೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಹೊಸದು ಹಾಕಿದೆ, ಸರಿಹೋಗಲಿಲ್ಲ. ಆ ಕಾಯಿಲನ್ನು ಒಂದನೆಯದಕ್ಕೆ ಹಾಕಿ ಒಂದನೆಯದರದ್ದನ್ನು ಇಲ್ಲಿಗೆ ತಂದೆ, ಆದರೂ ಮಿಸ್ಸಿಂಗ್ ಮೂರರಲ್ಲೇ ಉಳೀತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ 2 ಮತ್ತು 3ರ ನಡುವೆ ಅದಲುಬದಲು ಮಾಡಿದೆ, ಆಗಲೂ ಮೂರೇ. ಸಿಲಿಂಡರ್ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ವರಸೆಯಾಗಿ 170, 168, 165, 170 ಪಿಎಸ್‌ಐ. ಮೂರನೇ ಇಂಜೆಕ್ಟರಿನ ವೈರನ್ನು ಮಲ್ಟಿಮೀಟರಿನಲ್ಲಿ ನೋಡಿದೆ, ಬೀಪ್ ಅಂತ ಕಂಟಿನ್ಯುಟಿ ತೋರಿಸುತ್ತೆ, ಅಂದರೆ ವೈರ್ ತುಂಡಾಗಿಲ್ಲ.

ಈಗ ಮೆಕ್ಯಾನಿಕ್ ಎಂಜಿನ್ ಮೇಲ್ಭಾಗದ ಹೆಡ್ ಬಿಚ್ಚೋಣ ಅಂತಿದಾರೆ. ಗ್ಯಾಸ್ಕೆಟ್ ಸೆಟ್ ಕೂಡ ತಂದಿಟ್ಟಾಗಿದೆ. ನನ್ನ ದುಡಿಮೆ ನಿಂತಿರೋದೇ ಈ ಗಾಡಿ ಮೇಲೆ. ಬಿಚ್ಚೋಕೆ ಮುಂಚೆ ಒಮ್ಮೆ ತಿಳಿದವರನ್ನು ಕೇಳೋಣ ಅನ್ನಿಸಿತು.

ಕರಿಗೈ:

ದಯವಿಟ್ಟು ಹೆಡ್‌ಗೆ ಕೈ ಹಾಕಬೇಡಿ, ಈಗಲೇ ಬೇಡ. 170ರ ಪಕ್ಕ 165 ಅಂದರೆ ವ್ಯತ್ಯಾಸವೇ ಅಲ್ಲ. ಅತಿ ಕಡಿಮೆ ಇರೋದು ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗಿಳಿದರೆ ಆಗ ಯೋಚನೆ ಮಾಡೋಣ.

ಆದರೆ ತಣ್ಣಗಿದ್ದಾಗ ಅಳೆದಿದ್ದೀರೋ ಬಿಸಿಯಲ್ಲೋ ಹೇಳಿಲ್ಲ. ಕಾದ ಮೇಲೆ ಸರಿಯಾಗಿ ಕೂರದ ವಾಲ್ವ್ ಇರುತ್ತೆ. ಎಂಜಿನ್ ಬಿಸಿ ಇರುವಾಗಲೇ ಲೀಕ್‌ಡೌನ್ ಮಾಡಿಸಿ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು. ಮೂರನೇ ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬಂದು ನಿಂತಿರಲಿ, ಇಲ್ಲದಿದ್ದರೆ ಗಾಳಿ ಬಿಟ್ಟಾಗ ಕ್ರ್ಯಾಂಕ್ ತಿರುಗಿಬಿಡುತ್ತೆ. ಆಮೇಲೆ ಕಿವಿಗೊಟ್ಟು ಕೇಳಿ. ಸೈಲೆನ್ಸರಲ್ಲಿ ಉಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಹತ್ತಿರ ಅಂದರೆ ಇಂಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್. ರೇಡಿಯೇಟರಲ್ಲಿ ಗುಳ್ಳೆ ಎದ್ದರೆ ಮಾತ್ರ ಆ ಗ್ಯಾಸ್ಕೆಟ್ ಸೆಟ್ಟಿಗೆ ಕೆಲಸ.

ಇನ್ನೊಂದು ಮಾತು. ದೀಪ ಮಿಟುಕುವಾಗ ಗಾಡಿ ಎಳೀಬೇಡಿ. ಸುಡದೆ ಹೋದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತೆ, ಒಳಗಿನ ಜೇನುಗೂಡು ಕರಗಿಹೋಗುತ್ತೆ.

ತಂತಿಜಾಡು:

ಅದಲುಬದಲು ಮಾಡಿ ನೋಡಿದ್ದೀರಲ್ಲ, ಅದಕ್ಕೇ ನಿಮ್ಮ ಅರ್ಧ ಕೆಲಸ ಮುಗಿದಿದೆ. ಕಾಯಿಲ್ ಅಲ್ಲ, ಇಂಜೆಕ್ಟರ್ ಅಲ್ಲ, ಎರಡೂ ಸಾಬೀತಾಯಿತು. ಹೊಸದು ತಂದು ಹಾಕಿದ್ದರಿಂದಷ್ಟೇ ಅದು ಗೊತ್ತಾಗುತ್ತಿರಲಿಲ್ಲ.

ಈಗ ಒಂದೇ ಕೆಲಸ ಮಾಡಿ. ಕುಂಟಿದ ತಕ್ಷಣ ಬದಿಗೆ ನಿಲ್ಲಿಸಿ, ಆಫ್ ಮಾಡಿ, ಮೂರನೇ ಪ್ಲಗ್ ಬಿಚ್ಚಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ತಡ ಮಾಡಬೇಡಿ. ಮಿಸ್ಸಿಂಗ್ ಮುಂದುವರಿದರೆ ಕನ್ವರ್ಟರ್ ಉಳಿಸಲು ಎಷ್ಟೋ ಇಸಿಯುಗಳು (ಎಂಜಿನ್ನಿನ ಕಂಪ್ಯೂಟರ್) ಆ ಸಿಲಿಂಡರಿನ ಇಂಜೆಕ್ಟರನ್ನು ತಾವೇ ನಿಲ್ಲಿಸುತ್ತವೆ, ಆಗ ಒಣ ಪ್ಲಗ್ ನಿಮ್ಮನ್ನು ದಾರಿ ತಪ್ಪಿಸುತ್ತೆ.

ಏರಿನಲ್ಲಿ ಕ್ಲಚ್ ಬಿಟ್ಟಾಗ ಅಂದಿರಲ್ಲ, ಅದನ್ನು ಎರಡು ಸಲ ಓದಿದೆ. ಆ ಗಳಿಗೆಯಲ್ಲಿ ಎಂಜಿನ್ ಮೌಂಟಿಂಗ್ ಮೇಲೆ ಒಂದು ಬದಿಗೆ ವಾಲುತ್ತೆ, ಅದರ ಜೊತೆ ವೈರಿಂಗನ್ನೂ ಎಳೆಯುತ್ತೆ. ಇದು ಶುರುವಾಗುವ ಮುಂಚೆ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ದಿರಾ?

ಮಣ್ಣುದಾರಿ:

ಬಿಸಿಯಲ್ಲೇ ಲೀಕ್‌ಡೌನ್ ಮಾಡಿಸಿದೆ. ಸೋರಿಕೆ ಮೂರನೆಯದರಲ್ಲಿ 8%, ಉಳಿದವುಗಳಲ್ಲಿ 7ರಿಂದ 9%. ಎಲ್ಲೂ ಗುಳ್ಳೆ ಇಲ್ಲ.

ಪ್ಲಗ್ ಒಣಗಿತ್ತು. ಮೊದಲ ಗುದ್ದಿಗೇ ಆಫ್ ಮಾಡಿದ್ದೆ. ಮತ್ತೆ ಸ್ಟಾರ್ಟ್ ಮಾಡಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದೆ. 1, 2, 4 ಟಕ ಟಕ ಅಂತಿವೆ. ಮೂರು ಒಮ್ಮೆ ಟಕ ಟಕ, ಒಮ್ಮೆ ಮೌನ.

ಹೌದು, ಮೂರು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದ್ದೆ, ಗೇರ್‌ಬಾಕ್ಸ್ ಇಳಿಸಿದ್ದರು. ಅದಕ್ಕೂ ಇಂಜೆಕ್ಟರಿಗೂ ಸಂಬಂಧ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಆದರೆ ವೈರಲ್ಲಿ ಕಂಟಿನ್ಯುಟಿ ಬರುತ್ತಲ್ಲ?

ಏಳನೇಗೇರ್:

ಇಸಿಯು ಒಳಗೆ ಇಂಜೆಕ್ಟರ್ ನಡೆಸುವ ಡ್ರೈವರ್ ಸರ್ಕ್ಯೂಟ್ ಹೋಗಿದೆ. ನನ್ನ ಗಾಡಿಯಲ್ಲೂ ಬಿಸಿಯಾದ ಮೇಲೇ ಬರುತ್ತಿತ್ತು. ಇಸಿಯು ಬದಲಿಸಿ.

ತಂತಿಜಾಡು:

ಇಸಿಯು ಇರಲಾರದು ಅಂತ ನಾನೂ ಹೇಳಲ್ಲ, ಆದರೆ ಊಹೆ ಮೇಲೆ ಬದಲಿಸಬೇಡಿ. ಮೂರನೇ ಇಂಜೆಕ್ಟರಿನ ಕನೆಕ್ಟರ್ ಕಳಚಿ, ಅದಕ್ಕೆ ಒಂದು ನಾಯ್ಡ್ ಲೈಟ್ (ಇಂಜೆಕ್ಟರಿಗೆ ಕರೆಂಟ್ ಬಂದಾಗಲೆಲ್ಲ ಮಿನುಗುವ ಪುಟ್ಟ ದೀಪ) ಸಿಗಿಸಿ ಎಂಜಿನ್ ಓಡಿಸಿ. ಹಾರ್ನೆಸ್ (ವೈರುಗಳ ಕಟ್ಟು) ಅಲ್ಲಾಡಿಸಿದಾಗ ಲೈಟ್ ಮಿನುಗುವುದು ನಿಂತರೆ ದೋಷ ದಾರಿಯಲ್ಲಿದೆ, ಇಸಿಯು ಒಳಗಲ್ಲ.

ಇನ್ನು ಕಂಟಿನ್ಯುಟಿ ಮಾತು. ಮಲ್ಟಿಮೀಟರ್ ತೀರಾ ಸಣ್ಣ ಕರೆಂಟ್ ಹರಿಸಿ ನೋಡುತ್ತೆ. ವೈರಿನ ಎಲ್ಲ ಎಳೆಗಳೂ ತುಂಡಾಗಿ ಒಂದೇ ಎಳೆ ತಾಗಿಕೊಂಡಿದ್ದರೂ ಅದಕ್ಕೆ ಸಾಕು, ಬೀಪ್ ಅನ್ನುತ್ತೆ. ಇಂಜೆಕ್ಟರ್ ಹಾಗಲ್ಲ. 12 ವೋಲ್ಟಿಗೆ 12 ಓಮ್ ಅಂದರೆ ಹತ್ತಿರ ಹತ್ತಿರ ಒಂದು ಆಂಪಿಯರ್ ಬೇಕು, ಅದೂ ಎಂಜಿನ್ ಅದುರುತ್ತಿರುವಾಗ. ನೀವು ಗಾಡಿ ನಿಂತು ತಣ್ಣಗಿದ್ದಾಗ ಅಳೆದಿದ್ದೀರಿ.

ವೈರಿನ ಎರಡೂ ತುದಿ ಕಳಚಿ, ಅದರ ಮೂಲಕ 21 ವ್ಯಾಟಿನ ಬಲ್ಬ್ ಉರಿಸಿ, ಗೇಣು ಗೇಣಾಗಿ ಬಗ್ಗಿಸುತ್ತಾ ಹೋಗಿ. ಕೈಯಲ್ಲೂ ಮೆಲ್ಲಗೆ ಎಳೆದು ನೋಡಿ. ಒಳಗೆ ತಾಮ್ರ ಗಟ್ಟಿಯಾಗಿದ್ದರೆ ವೈರ್ ಹಿಗ್ಗದೆ ನಿಲ್ಲುತ್ತೆ. ತುಂಡಾಗಿದ್ದರೆ ಬರೀ ಹೊರ ಸಿಪ್ಪೆ ರಬ್ಬರಿನ ಹಾಗೆ ಹಿಗ್ಗುತ್ತೆ. ಗೇರ್‌ಬಾಕ್ಸ್ ಇಳಿಸಿದಾಗ ಯಾವ ಕ್ಲಿಪ್ ತೆಗೆದಿದ್ದರೋ ಅಲ್ಲಿಂದ ಶುರು ಮಾಡಿ.

ಮಣ್ಣುದಾರಿ:

ಸಿಕ್ಕಿತು!

ಎಂಜಿನ್ ಹಿಂಬದಿಯಲ್ಲಿ ಹಾರ್ನೆಸ್ ಹಿಡಿಯುವ ತಗಡಿನ ಬ್ರ್ಯಾಕೆಟ್ ಇದೆ. ಅದರ ಕ್ಲಿಪ್ ಹಾಕದೇ ಬಿಟ್ಟಿದ್ದರು. ಸಡಿಲ ಬಿದ್ದ ಹಾರ್ನೆಸ್ ಬ್ರ್ಯಾಕೆಟ್ಟಿನ ಹಿಂದೆ ಸಿಕ್ಕಿಕೊಂಡು ವೀಣೆಯ ತಂತಿಯ ಹಾಗೆ ಬಿಗಿದಿತ್ತು. ನಾಯ್ಡ್ ಲೈಟ್ ಹಾಕಿ ಅಲ್ಲಿ ಒಂದು ಬೆರಳು ಒತ್ತಿದೆ, ಲೈಟ್ ಆರಿತು. ಬಿಟ್ಟೆ, ಮತ್ತೆ ಮಿನುಗಿತು. ನಾಲ್ಕು ಸಲ ಹಾಗೇ ಮಾಡಿ ನೋಡಿದೆ, ನಂಬಿಕೆ ಬರಲಿಲ್ಲ.

ಟೇಪ್ ಬಿಚ್ಚಿದರೆ ಮೂರನೇ ವೈರಿನ ಸಿಪ್ಪೆಯ ಮೇಲೆ ಒಂದು ಗೀರೂ ಇಲ್ಲ. ಎಳೆದೆ, ನೀವು ಹೇಳಿದ ಹಾಗೇ ಒಂದೇ ಜಾಗದಲ್ಲಿ ತೆಳ್ಳಗಾಗಿ ಹಿಗ್ಗಿತು. ಬ್ಲೇಡಿನಿಂದ ಸೀಳಿ ನೋಡಿದರೆ ತಾಮ್ರ ಕಪ್ಪುಹಸಿರು ಪುಡಿಯಾಗಿ ಉದುರಿತು, ಉಳಿದಿದ್ದು ಕೂದಲೆಳೆಯಷ್ಟೇ. ಇಷ್ಟು ದಿನ ಆ ಒಂದು ಎಳೆ ನಂಬಿಕೊಂಡು ಲೋಡ್ ಎಳೆದಿದ್ದೀನಿ.

ಕೆಟ್ಟ ಭಾಗ ಕತ್ತರಿಸಿ ಅದೇ ದಪ್ಪದ ಹೊಸ ವೈರ್ ಕೊಟ್ಟು, ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಹಾಕಿದೆ. ಬರೀ ಹೊಸೆದು ಟೇಪ್ ಸುತ್ತಲಿಲ್ಲ. ಎಂಜಿನ್ ವಾಲಿದರೂ ಎಳೆಯದಿರಲಿ ಅಂತ ನಾಲ್ಕು ಬೆರಳು ಸಡಿಲ ಬಿಟ್ಟು, ಕ್ಲಿಪ್ ಹಾಕಿದೆ. ಐದು ದಿನ ಲೋಡ್ ಹಾಕಿ ಅದೇ ಏರು ಹತ್ತಿಸಿದ್ದೀನಿ, ಸ್ಕ್ಯಾನರಿನಲ್ಲಿ ಮೂರನೆಯದರ ಮಿಸ್‌ಫೈರ್ ಎಣಿಕೆ 0. ತಂತಿಜಾಡು ಅಣ್ಣ, ಕರಿಗೈ ಅಣ್ಣ, ನಿಮ್ಮಿಬ್ಬರ ಉಪಕಾರ ಮರೆಯಲ್ಲ. ಗ್ಯಾಸ್ಕೆಟ್ ಸೆಟ್ಟನ್ನು ಕವರ್ ಬಿಚ್ಚದೆ ವಾಪಸ್ ಕೊಟ್ಟೆ.

ಒಂದೇ ಅನುಮಾನ ಉಳಿದಿದೆ. ಕನ್ವರ್ಟರ್ ಕೆಟ್ಟಿರಬಹುದಾ?

ಕರಿಗೈ:

ನಿಮ್ಮದು ಪೆಟ್ರೋಲೇ ಬರದ ಮಿಸ್ಸಿಂಗ್ ಆದ್ದರಿಂದ ಉಳಿದಿರುವ ಸಾಧ್ಯತೆ ಹೆಚ್ಚು. ಕಾದ ಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ಲೈವ್ ಡೇಟಾ ನೋಡಿ. ಕನ್ವರ್ಟರ್ ದಾಟಿದ ಮೇಲೆ ಬರುವ ಹಿಂದಿನ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಹೆಚ್ಚು ಕುಣಿಯದೆ ಒಂದೇ ಕಡೆ ನಿಂತಿದ್ದರೆ ಚೆನ್ನಾಗಿದೆ. ಮುಂದಿನದರ ಹಾಗೇ ಮೇಲೆ ಕೆಳಗೆ ಹಾರುತ್ತಿದ್ದರೆ ಇಲ್ಲೇ ಬಂದು ಬರೆಯಿರಿ.